ಅರ್ಧಕ್ಕೆ ನಿಂತ ದೆವ್ವದ ಕಥೆ

ಮಕ್ಕಳಿಗೆ ಕಥೆ ಹೇಳಲು ಕುಳಿತವರು ಮಾತು ಕೊಟ್ಟವರ ಹಾಗೆ. ‘ಆಮೇಲೆ ಏನಾಯಿತು?’ ಎಂದು ಮಗು ಕೇಳಿದಾಗ ಉತ್ತರ ಹೇಳಲೇಬೇಕು. ನಿದ್ದೆ ಬರುತ್ತಿದೆ, ನಾಳೆ ಹೇಳುತ್ತೇನೆ ಎಂದು ಒಂದು ದಿನ ತಪ್ಪಿಸಿಕೊಳ್ಳಬಹುದು. ಆದರೆ ನಾಳೆಯಾದರೂ ಹೇಳಲೇಬೇಕು. ಹೇಳುವವರೇ ಇಲ್ಲವಾಗಿಬಿಟ್ಟರೆ?

1991ರ ಮಾರ್ಚ್ 8ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹೇವರಿಲ್ ಎಂಬ ಊರಿನಲ್ಲಿ ಹಾಗೆಯೇ ಆಯಿತು. ಮಕ್ಕಳಿಗಾಗಿ ದೆವ್ವ, ಮಾಟ, ಮಂತ್ರಗಳ ಕಾದಂಬರಿ ಬರೆದು ಹೆಸರಾಗಿದ್ದ ಜಾನ್ ಬೆಲೇರ್ಸ್ ಹೃದ್ರೋಗದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅವರು ಬಿಟ್ಟುಹೋದ ಕಾಗದಗಳಲ್ಲಿ ಎರಡು ಅಪೂರ್ಣ ಕಾದಂಬರಿಗಳ ಹಸ್ತಪ್ರತಿಗಳಿದ್ದವು. ಮತ್ತೆರಡು ಕಾದಂಬರಿಗಳಿಗೆ ತಲಾ ಒಂದೊಂದು ಪುಟದ ಸಾರಾಂಶವಿತ್ತು. ಅಷ್ಟೇ. ಉಳಿದದ್ದೆಲ್ಲ ಅವರ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು.

ಆ ಕಥೆಗಳನ್ನು ಹಾಗೆಯೇ ಬಿಡಬೇಕೇ, ಬೇರೆಯವರು ಮುಂದುವರಿಸಬೇಕೇ? ಮುಂದುವರಿಸುವವರಿಗೆ ಯಾವ ಅರ್ಹತೆ ಇರಬೇಕು? ಸಾಹಿತ್ಯದಲ್ಲಿ ಇದು ಹಳೆಯ ಪ್ರಶ್ನೆ. ಬೆಲೇರ್ಸ್ ಕಥೆಗಳ ಮಟ್ಟಿಗೆ ಇದಕ್ಕೆ ಸಿಕ್ಕ ಉತ್ತರವನ್ನು ವಿದ್ಯಾರ್ಥಿಗಳೂ ಪಾಲಕರೂ ತಿಳಿದುಕೊಂಡರೆ ಲಾಭವುಂಟು.

ಗೋಡೆಯೊಳಗಿನ ಗಡಿಯಾರ

ಬೆಲೇರ್ಸ್ ಹುಟ್ಟಿದ್ದು 1938ರಲ್ಲಿ, ಮಿಷಿಗನ್ ರಾಜ್ಯದ ಮಾರ್ಷಲ್ ಎಂಬ ಪುಟ್ಟ ಪಟ್ಟಣದಲ್ಲಿ. ಹತ್ತೊಂಬತ್ತನೆಯ ಶತಮಾನದ ದೊಡ್ಡ ದೊಡ್ಡ ಮನೆಗಳು ಅಲ್ಲಿ ಇಂದಿಗೂ ನಿಂತಿವೆ. ಅವುಗಳಲ್ಲಿ ಎತ್ತರದ ಗೋಪುರವುಳ್ಳ ಕ್ರೋನಿನ್ ಮನೆ ಒಂದು. ಬಾಲಕ ಬೆಲೇರ್ಸ್ ಅದನ್ನು ನೋಡುತ್ತ ಬೆಳೆದರು. ಮುಂದೆ ಅದೇ ಮನೆ ಅವರ ಮೊದಲ ಮಕ್ಕಳ ಕಾದಂಬರಿಗೆ ಮಾದರಿಯಾಯಿತು. ಮಾರ್ಷಲ್ ಊರು ಕಥೆಯಲ್ಲಿ ‘ನ್ಯೂ ಜೆಬೆಡಿ’ ಎಂಬ ಹೆಸರು ಪಡೆಯಿತು.

‘ದಿ ಹೌಸ್ ವಿತ್ ಎ ಕ್ಲಾಕ್ ಇನ್ ಇಟ್ಸ್ ವಾಲ್ಸ್’ ಎಂಬ ಆ ಕಾದಂಬರಿ ಪ್ರಕಟವಾದದ್ದು 1973ರಲ್ಲಿ. ಮೊದಲು ದೊಡ್ಡವರಿಗೆಂದು ಬರೆದಿದ್ದ ಕಥೆಯನ್ನು ಪ್ರಕಾಶಕರ ಸಲಹೆಯಂತೆ ಮಕ್ಕಳಿಗಾಗಿ ತಿದ್ದಿ ಬರೆದದ್ದು. ಎಡ್ವರ್ಡ್ ಗೋರಿ ಎಂಬ ಪ್ರಸಿದ್ಧ ಕಲಾವಿದರು ಅದಕ್ಕೆ ಕಪ್ಪು ಬಿಳುಪಿನ ಗೆರೆಗಳಲ್ಲಿ ಚಿತ್ರ ಬರೆದರು. ನೆರಳೇ ಹೆಚ್ಚು, ಬೆಳಕು ಕಡಿಮೆ ಎನ್ನುವಂಥ ಚಿತ್ರಗಳವು.

ಕಥೆ ನಡೆಯುವುದು 1948ರಲ್ಲಿ. ಹತ್ತು ವರ್ಷದ ಲೂಯಿಸ್ ಬಾರ್ನವೆಲ್ಟ್‌ನ ತಂದೆ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಹುಡುಗ ದಪ್ಪಗಿದ್ದಾನೆ, ಆಟದಲ್ಲಿ ಹಿಂದೆ, ಅಂಜುಬುರುಕ. ಬಸ್ಸು ಹತ್ತಿ ಜಾನಥನ್ ಚಿಕ್ಕಪ್ಪನ ಮನೆಗೆ ಬರುತ್ತಾನೆ. ಈ ಚಿಕ್ಕಪ್ಪ ಸ್ವಲ್ಪ ಮಾಂತ್ರಿಕ. ಹಿತ್ತಿಲಿನಲ್ಲೇ ಸ್ಪ್ಯಾನಿಷ್ ಆರ್ಮಡಾದ ನೌಕಾಯುದ್ಧವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲವನು. ಪಕ್ಕದ ಮನೆಯ ಶ್ರೀಮತಿ ಜಿಮ್ಮರ್‌ಮನ್ ಅವನಿಗಿಂತ ಬಲವಾದ ಮಂತ್ರವಿದ್ಯೆ ಕಲಿತವರು. ನೇರಳೆ ಬಣ್ಣವೆಂದರೆ ಅವರಿಗೆ ಪ್ರಾಣ. ಬಿಸ್ಕತ್ತು ಸುಡುವುದರಲ್ಲೂ ಎತ್ತಿದ ಕೈ. ಮೂವರೂ ರಾತ್ರಿ ಕುಳಿತು ಇಸ್ಪೀಟು ಆಡುತ್ತಾರೆ. ಚಿಕ್ಕಪ್ಪ ಮತ್ತು ಜಿಮ್ಮರ್‌ಮನ್ ಒಬ್ಬರನ್ನೊಬ್ಬರು ಹಂಗಿಸಿ ನಗುತ್ತಾರೆ.

ಆದರೆ ಆ ಮನೆಯ ಗೋಡೆಯೊಳಗೆಲ್ಲೋ ಒಂದು ಗಡಿಯಾರ ಸದ್ದು ಮಾಡುತ್ತಿದೆ. ಮನೆಯ ಹಿಂದಿನ ಮಾಲೀಕ ಐಸಾಕ್ ಇಜಾರ್ಡ್ ಎಂಬ ದುಷ್ಟ ಮಾಂತ್ರಿಕ ಅದನ್ನು ಅಡಗಿಸಿಟ್ಟು ಸತ್ತಿದ್ದಾನೆ. ಅದು ಜಗತ್ತಿನ ಅಂತ್ಯವನ್ನು ತರಲೆಂದು ಇಟ್ಟ ಗಡಿಯಾರ.

ನಿಜವಾದ ಭಯ ಯಾವುದು?

ಇಷ್ಟು ಕೇಳಿದರೆ ಇದೂ ಒಂದು ದೆವ್ವದ ಕಥೆ ಎನಿಸಬಹುದು. ಬೆಲೇರ್ಸ್ ಅವರ ಜಾಣ್ಮೆ ಇದರ ಒಳಗಿದೆ. ಲೂಯಿಸ್‌ಗೆ ಶಾಲೆಯಲ್ಲಿ ಗೆಳೆಯರಿಲ್ಲ. ಟಾರ್ಬಿ ಎಂಬ ಆಟಗಾರ ಹುಡುಗ ಕೈ ಮುರಿದುಕೊಂಡು ಮೂಲೆಯಲ್ಲಿ ಕುಳಿತಿದ್ದಾಗ ಅವನೊಡನೆ ಸ್ನೇಹವಾಗುತ್ತದೆ. ಕೈ ವಾಸಿಯಾಗುತ್ತ ಬಂದಂತೆ ಟಾರ್ಬಿ ದೂರ ಸರಿಯತೊಡಗುತ್ತಾನೆ. ಅವನನ್ನು ಉಳಿಸಿಕೊಳ್ಳಬೇಕೆಂಬ ಆಸೆಯಿಂದ ಲೂಯಿಸ್ ಚಿಕ್ಕಪ್ಪನ ಪುಸ್ತಕದಿಂದ ಮಂತ್ರ ಕದ್ದು, ಹ್ಯಾಲೊವೀನ್ ರಾತ್ರಿ ಸ್ಮಶಾನಕ್ಕೆ ಹೋಗಿ, ಸತ್ತವರನ್ನು ಎಬ್ಬಿಸುವ ಸಾಹಸ ಮಾಡುತ್ತಾನೆ. ಎದ್ದು ಬರುವವಳು ಇಜಾರ್ಡ್‌ನ ಹೆಂಡತಿ ಸೆಲೆನಾ. ಕೆಲವು ದಿನಗಳಲ್ಲಿ ಎದುರು ಮನೆಗೆ ಹೊಸ ಬಾಡಿಗೆದಾರಳೊಬ್ಬಳು ಬಂದು ಸೇರುತ್ತಾಳೆ.

ಹುಡುಗ ಈಗ ಯಾವುದಕ್ಕೆ ಹೆದರುತ್ತಾನೆ? ದೆವ್ವಕ್ಕೆ ಹೆದರುತ್ತಾನೆ, ನಿಜ. ಅದಕ್ಕಿಂತ ಹೆಚ್ಚಾಗಿ, ತಾನು ಮಾಡಿದ್ದು ಚಿಕ್ಕಪ್ಪನಿಗೆ ಗೊತ್ತಾದರೆ ಈ ಮನೆಯಿಂದಲೂ ಹೊರಗೆ ಹೋಗಬೇಕಾದೀತು ಎಂದು ಹೆದರುತ್ತಾನೆ. ಒಮ್ಮೆ ಮನೆ ಕಳೆದುಕೊಂಡ ಮಗುವಿಗೆ ಮತ್ತೊಮ್ಮೆ ಕಳೆದುಕೊಳ್ಳುವ ಭಯ. ಜಗತ್ತು ಮುಳುಗುವ ಗಡಿಯಾರದ ಸದ್ದಿಗಿಂತ ಈ ಭಯದ ಸದ್ದು ಜೋರು. ಕೊನೆಗೆ ಅವನಿಗೆ ಸಿಗುವುದು ಕ್ಷಮೆ. ಚಿಕ್ಕಪ್ಪ ಅವನನ್ನು ಬಿಟ್ಟುಕೊಡುವುದಿಲ್ಲ.

ಬೆಲೇರ್ಸ್ ಅವರ ಬೇರೆ ಸರಣಿಗಳಲ್ಲೂ ಇದೇ ಅಡಿಪಾಯ. 1983ರಲ್ಲಿ ಆರಂಭವಾದ ಜಾನಿ ಡಿಕ್ಸನ್ ಸರಣಿಯ ಹುಡುಗನಿಗೆ ತಾಯಿಯಿಲ್ಲ. ತಂದೆ ಕೊರಿಯಾ ಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದಾನೆ. ಹುಡುಗ ಅಜ್ಜ ಅಜ್ಜಿಯ ಮನೆಯಲ್ಲಿದ್ದಾನೆ. ಎದುರು ಮನೆಯ ಮುಂಗೋಪಿ ಪ್ರೊಫೆಸರ್ ಚೈಲ್ಡರ್ಮಾಸ್ ಅವನ ಆಪ್ತಮಿತ್ರ. ಆಂಟನಿ ಮಂಡೇ ಸರಣಿಯ ಹುಡುಗನ ಮನೆಯಲ್ಲಿ ಹಣದ ಚಿಂತೆ. ಅವನಿಗೆ ಆಸರೆ ಗ್ರಂಥಾಲಯದ ಮಿಸ್ ಈಲ್ಸ್. ಪ್ರತಿ ಕಥೆಯಲ್ಲೂ ಮಗುವಿನ ಬದುಕಿನಲ್ಲಿ ಒಂದು ಕೊರತೆಯಿದೆ. ಜೊತೆಗೆ ಆ ಮಗುವಿನ ಮಾತನ್ನು ನಂಬುವ ಹಿರಿಯರೊಬ್ಬರಿದ್ದಾರೆ. ದೆವ್ವ ಬರುವುದು ಇವೆರಡರ ನಡುವೆ.

ಮಕ್ಕಳು ಹೆದರಿಕೆಯ ಪುಸ್ತಕ ಓದಬಹುದೇ ಎಂದು ಪಾಲಕರು ಆಗಾಗ ಕೇಳುತ್ತಾರೆ. ಪುಸ್ತಕದಲ್ಲಿ ದೆವ್ವ ಇದೆಯೇ ಎಂದು ನೋಡಿದರೆ ಸಾಲದು. ದೆವ್ವ ಬಂದಾಗ ಓಡಿಹೋಗಿ ಸೇರಿಕೊಳ್ಳಲು ದೀಪ ಉರಿಯುವ ಒಂದು ಅಡುಗೆಮನೆ ಆ ಕಥೆಯಲ್ಲಿದೆಯೇ ಎಂದೂ ನೋಡಬೇಕು. ಬೆಲೇರ್ಸ್ ಕಥೆಗಳಲ್ಲಿ ಅದು ಯಾವಾಗಲೂ ಇದೆ.

ಹೊಸ ಕೈ

1973, 1975 ಮತ್ತು 1976ರಲ್ಲಿ ಲೂಯಿಸ್‌ನ ಮೂರು ಕಾದಂಬರಿಗಳು ಬಂದವು. ಬಳಿಕ ಬೆಲೇರ್ಸ್ ಬೇರೆ ಹುಡುಗರ ಕಥೆಗಳತ್ತ ತಿರುಗಿದರು. ನ್ಯೂ ಜೆಬೆಡಿಯ ಬಾಗಿಲು ಮುಚ್ಚಿತು. ಕೊನೆಯ ದಿನಗಳಲ್ಲಿ ಅವರು ಮತ್ತೆ ಆ ಬಾಗಿಲು ತೆರೆಯಲು ಹೊರಟಿದ್ದರು. ಅಷ್ಟರಲ್ಲಿ ಸಾವು ಬಂತು.

ಬೆಲೇರ್ಸ್ ಅವರ ಸಾಹಿತ್ಯದ ಹಕ್ಕು ಹೊಂದಿದ್ದವರು ಉಳಿದ ಕೆಲಸವನ್ನು ಬ್ರ್ಯಾಡ್ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಒಪ್ಪಿಸಿದರು. ಅವರು ಜಾರ್ಜಿಯಾ ರಾಜ್ಯದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಅಧ್ಯಾಪಕರು, ಸ್ವತಃ ಕಾದಂಬರಿಕಾರರು. ಎರಡು ಅಪೂರ್ಣ ಹಸ್ತಪ್ರತಿಗಳನ್ನು ಪೂರ್ಣಗೊಳಿಸಿದರು. ‘ದಿ ಗೋಸ್ಟ್ ಇನ್ ದಿ ಮಿರರ್’ ಮತ್ತು ‘ದಿ ವೆಂಜನ್ಸ್ ಆಫ್ ದಿ ವಿಚ್ ಫೈಂಡರ್’ ಎರಡೂ 1993ರಲ್ಲಿ ಬಂದವು. ಒಂದೊಂದು ಪುಟದ ಸಾರಾಂಶಗಳು 1994 ಮತ್ತು 1995ರಲ್ಲಿ ಎರಡು ಪೂರ್ಣ ಕಾದಂಬರಿಗಳಾದವು. 1976ರಲ್ಲಿ ಹತ್ತು ವರ್ಷದವನಾಗಿ ಮೂರನೆಯ ಪುಸ್ತಕ ಓದಿ ಮುಗಿಸಿದ ಹುಡುಗನಿಗೆ ನಾಲ್ಕನೆಯದು ಕೈಸೇರುವಾಗ ಇಪ್ಪತ್ತೇಳು ವರ್ಷ!

ಮೊದಲು ಬಂದ ಪುಸ್ತಕದ ವಿಷಯವನ್ನೇ ನೋಡಿ. ಬೆಲೇರ್ಸ್ ಬದುಕಿದ್ದಾಗ ಬಂದ ಕಥೆಗಳಲ್ಲೇ ಜಿಮ್ಮರ್‌ಮನ್ ಅವರ ಮಂತ್ರಶಕ್ತಿ ಕುಂದಿಹೋಗಿತ್ತು. ಓದುಗರಿಗೆ ಅದು ಮನಸ್ಸಿನಲ್ಲಿ ಕೊರೆಯುತ್ತಿದ್ದ ಸಂಗತಿ. 1993ರ ಪುಸ್ತಕದಲ್ಲಿ ಅವರು ಲೂಯಿಸ್‌ನ ಗೆಳತಿ ರೋಸ್ ರೀಟಾಳೊಂದಿಗೆ 1828ರ ಪೆನ್ಸಿಲ್ವೇನಿಯಾಕ್ಕೆ, ಅಂದರೆ ಹಿಂದಿನ ಕಾಲಕ್ಕೆ, ಹೋಗಿ ಕಳೆದದ್ದನ್ನು ಮರಳಿ ಪಡೆಯುತ್ತಾರೆ. ಮೂಲ ಲೇಖಕರು ಬಾಕಿಯಿಟ್ಟಿದ್ದ ಸಾಲ ಹೀಗೆ ತೀರಿತು.

ನಾಲ್ಕು ಪುಸ್ತಕ ಮುಗಿದವು. ಮುಂದೆ ಹಿಡಿದು ನಡೆಯಲು ಬೆಲೇರ್ಸ್ ಬರೆದ ಒಂದು ಸಾಲೂ ಉಳಿದಿರಲಿಲ್ಲ. ಆದರೂ 1996ರಿಂದ 2008ರವರೆಗೆ ಸ್ಟ್ರಿಕ್‌ಲ್ಯಾಂಡ್ ಇನ್ನೂ ಒಂಬತ್ತು ಕಾದಂಬರಿಗಳನ್ನು ಬರೆದರು. ಆರು ಲೂಯಿಸ್‌ನವು, ಮೂರು ಜಾನಿ ಡಿಕ್ಸನ್‌ನವು. ಮುಂದುವರಿಸುವವರ ನಿಜವಾದ ಪರೀಕ್ಷೆ ಇಲ್ಲಿತ್ತು.

ಸೇತುವೆಯ ಗುಟ್ಟು

ಈ ಪರೀಕ್ಷೆಯನ್ನು ಅವರು ಹೇಗೆ ಎದುರಿಸಿದರು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1973ರ ಮೊದಲ ಕಾದಂಬರಿಯಲ್ಲಿ ಒಂದು ರಾತ್ರಿ ಲೂಯಿಸ್, ಚಿಕ್ಕಪ್ಪ, ಜಿಮ್ಮರ್‌ಮನ್ ಮೂವರೂ ಕಾರಿನಲ್ಲಿ ಬರುತ್ತಿರುತ್ತಾರೆ. ಹಿಂದಿನಿಂದ ಎರಡು ದೀಪಗಳು ಅಟ್ಟಿಸಿಕೊಂಡು ಬರುತ್ತವೆ. ಕಾರು ವೈಲ್ಡರ್ ಕ್ರೀಕ್ ಎಂಬ ಹೊಳೆಯ ಕಬ್ಬಿಣದ ಸೇತುವೆ ದಾಟಿದೊಡನೆ ಬೆನ್ನಟ್ಟಿದ್ದು ಹಿಂದೆಯೇ ಉಳಿಯುತ್ತದೆ. ಹರಿಯುವ ನೀರು, ಕಬ್ಬಿಣ ಇವೆರಡನ್ನೂ ಕ್ಷುದ್ರಶಕ್ತಿ ದಾಟಲಾರದು ಎಂಬ ನಂಬಿಕೆ ಯೂರೋಪಿನ ಜನಪದದಲ್ಲಿದೆ. ಹಟ್ಟಿಯ ಬಾಗಿಲಿಗೆ ಲಾಳ ಹೊಡೆಯುವ, ಬಾಣಂತಿಯ ತಲೆಯ ಬಳಿ ಕಬ್ಬಿಣದ ತುಂಡು ಇಡುವ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂಲ ಕಥೆಯಲ್ಲಿ ಆ ಸೇತುವೆಗೆ ಸಿಗುವುದು ಕೆಲವೇ ಪುಟ. ಓದುಗರು ಉಸಿರು ಬಿಟ್ಟು ಮುಂದೆ ಹೋಗುತ್ತಾರೆ. ಸ್ಟ್ರಿಕ್‌ಲ್ಯಾಂಡ್ ಮಾತ್ರ ಅಲ್ಲಿಯೇ ನಿಂತರು. ಈ ಪುಟ್ಟ ಹೊಳೆಗೆ ಅಂಥ ಸೇತುವೆ ಏಕೆ ಬೇಕಾಯಿತು? ಅದು ಯಾವುದನ್ನು ತಡೆಹಿಡಿದಿದೆ? ಸೇತುವೆ ಹಳತಾಯಿತೆಂದು ಕೆಡವಿದರೆ ಏನಾದೀತು? 2000ದಲ್ಲಿ ಬಂದ ‘ದಿ ಬೀಸ್ಟ್ ಅಂಡರ್ ದಿ ವಿಜಾರ್ಡ್ಸ್ ಬ್ರಿಜ್’ ಹುಟ್ಟಿದ್ದು ಈ ಪ್ರಶ್ನೆಗಳಿಂದ. ಮುಂದಿನ ವರ್ಷ ಬಂದ ಕಾದಂಬರಿಯಲ್ಲಿ ಇಜಾರ್ಡ್‌ನ ಮಗ ಸೇಡು ತೀರಿಸಿಕೊಳ್ಳಲು ಬರುತ್ತಾನೆ.

ಇನ್ನೊಂದು ದಾರಿಯನ್ನೂ ಅವರು ಹಿಡಿದರು. ಬೆಲೇರ್ಸ್ ಅವರ ಹುಟ್ಟೂರು ಮಾರ್ಷಲ್‌ನಲ್ಲಿ ‘ಹೊನೊಲುಲು ಹೌಸ್’ ಎಂಬ ವಿಚಿತ್ರ ಕಟ್ಟಡವಿದೆ. ಹವಾಯಿ ದ್ವೀಪಗಳಲ್ಲಿ ಅಮೆರಿಕದ ರಾಯಭಾರ ಕೆಲಸ ಮಾಡಿ ಬಂದ ಆಬ್ನರ್ ಪ್ರ್ಯಾಟ್ ಎಂಬವರು 1860ರಲ್ಲಿ ಆ ದ್ವೀಪಗಳ ನೆನಪಿಗೆ ಅಗಲವಾದ ಜಗಲಿಯಿಟ್ಟು ಕಟ್ಟಿಸಿದ ಮನೆ ಅದು. ಮಂಜು ಬೀಳುವ ಮಿಷಿಗನ್‌ನಲ್ಲಿ ಸಮುದ್ರತೀರದ ಮನೆ! 2006ರ ‘ದಿ ಹೌಸ್ ವೇರ್ ನೋಬಡಿ ಲಿವ್ಡ್’ ಕಾದಂಬರಿಯಲ್ಲಿ ನ್ಯೂ ಜೆಬೆಡಿಗೂ ಒಂದು ‘ಹವಾಯಿ ಹೌಸ್’ ಬಂತು. ಕ್ರೋನಿನ್ ಮನೆಯಿಂದ ಬೆಲೇರ್ಸ್ ಕಥೆ ಹೆಣೆದ ರೀತಿಯಲ್ಲೇ ಅದೇ ಊರಿನ ಮತ್ತೊಂದು ಮನೆಯಿಂದ ಹೊಸ ಲೇಖಕರು ಕಥೆ ಹೆಣೆದರು.

ಕಾಲದ ವಿಷಯದಲ್ಲೂ ಅವರು ಹಟ ಬಿಡಲಿಲ್ಲ. ಪುಸ್ತಕಗಳು ಅಚ್ಚಾಗುತ್ತಿದ್ದುದು ಕಂಪ್ಯೂಟರ್ ಮನೆಮನೆಗೆ ಬರುತ್ತಿದ್ದ ವರ್ಷಗಳಲ್ಲಿ. ಲೂಯಿಸ್ ಮಾತ್ರ 1950ರ ದಶಕದಲ್ಲೇ ಉಳಿದ. ಅವನನ್ನು ಈ ಕಾಲಕ್ಕೆ ಎಳೆದು ತಂದಿದ್ದರೆ ಮಾರಾಟಕ್ಕೆ ಅನುಕೂಲವಾಗುತ್ತಿತ್ತೋ ಏನೋ. ಆದರೆ ಅವನು ಲೂಯಿಸ್ ಆಗಿ ಉಳಿಯುತ್ತಿರಲಿಲ್ಲ.

ಇದರಿಂದ ಹೊರಡುವ ತಾತ್ಪರ್ಯ ಇಷ್ಟೇ. ಇನ್ನೊಬ್ಬರ ಕಥೆ ಮುಂದುವರಿಸುವವರು ಮೊದಲು ಆ ಕಥೆಯ ಅತ್ಯುತ್ತಮ ಓದುಗರಾಗಬೇಕು. ಎಲ್ಲರೂ ದಾಟಿಹೋದ ಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗಿ ನೋಡುವ ತಾಳ್ಮೆ ಅವರಿಗೆ ಬೇಕು.

ಯಾರ ಹೆಸರು?

ಈ ಸರಣಿಯಲ್ಲಿ ಮೆಚ್ಚಬೇಕಾದ ಇನ್ನೊಂದು ಸಂಗತಿ ಪ್ರಾಮಾಣಿಕತೆ. ಹೆಸರು ಮಾಡಿದ ಲೇಖಕರ ಹೆಸರಿನಲ್ಲಿ ಬೇರೆಯವರಿಂದ ಗುಟ್ಟಾಗಿ ಬರೆಸಿ ಮಾರುವುದು ಪುಸ್ತಕೋದ್ಯಮದಲ್ಲಿ ಹೊಸದಲ್ಲ. ಇಲ್ಲಿ ಹಾಗಾಗಲಿಲ್ಲ. ಅಪೂರ್ಣ ಹಸ್ತಪ್ರತಿಗಳಿಂದ ಬಂದ ಪುಸ್ತಕಗಳಲ್ಲಿ ಬೆಲೇರ್ಸ್ ಬರೆದದ್ದು, ಸ್ಟ್ರಿಕ್‌ಲ್ಯಾಂಡ್ ಪೂರ್ಣಗೊಳಿಸಿದ್ದು ಎಂದು ತಿಳಿಸಲಾಯಿತು. ಮುಂದಿನವುಗಳಲ್ಲಿ ಪಾತ್ರಗಳು ಬೆಲೇರ್ಸ್ ಅವರವು, ಬರವಣಿಗೆ ಸ್ಟ್ರಿಕ್‌ಲ್ಯಾಂಡ್ ಅವರದು ಎಂದು ಬೇರ್ಪಡಿಸಿ ಹೇಳಲಾಯಿತು. ಯಾರ ಕಥೆ ಓದುತ್ತಿದ್ದೇನೆಂದು ತಿಳಿಯುವ ಹಕ್ಕು ಮಕ್ಕಳಿಗೂ ಇದೆಯಲ್ಲವೇ?

ಕನ್ನಡದವರಿಗೆ ಈ ಸಂಪ್ರದಾಯ ಹೊಸದೇನಲ್ಲ. ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನು ಹಾಡಿ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಮುಗಿಸಿದ. ಸಂಸ್ಕೃತದಲ್ಲಿ ಬಾಣಭಟ್ಟನ ‘ಕಾದಂಬರಿ’ ಅರ್ಧಕ್ಕೆ ನಿಂತಾಗ ಅವನ ಮಗನೇ ಪೂರ್ಣಗೊಳಿಸಿದ. ಇವರು ಮೊದಲಿನವರಿಗೆ ಸಮನಾದರೇ ಎಂದು ವಿದ್ವಾಂಸರು ಚರ್ಚಿಸಲಿ. ಕೇಳುವವರು ನಡುದಾರಿಯಲ್ಲಿ ಉಳಿಯಲಿಲ್ಲ ಎಂಬುದು ದೊಡ್ಡ ಮಾತು.

ಕೊರತೆಯೂ ಉಂಟು

ಹಾಗೆಂದು ಸ್ಟ್ರಿಕ್‌ಲ್ಯಾಂಡ್ ಬರೆದದ್ದೆಲ್ಲ ಚಿನ್ನವೆಂದಲ್ಲ. ಇಬ್ಬರ ಪುಸ್ತಕಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ಕಾಣುತ್ತದೆ. ಬೆಲೇರ್ಸ್ ಕಥೆಗಳಿಗೆ ಒಂದು ಅಂಕುಡೊಂಕಿದೆ. ಯಾವ ಕಾರಣವೂ ಇಲ್ಲದೆ ಒಂದು ವಿಚಿತ್ರ ವಸ್ತು ಬರುತ್ತದೆ, ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ಸ್ಟ್ರಿಕ್‌ಲ್ಯಾಂಡ್ ಕಥೆಗಳು ಅಚ್ಚುಕಟ್ಟು. ಪ್ರತಿಯೊಂದಕ್ಕೂ ಕಾರಣವಿದೆ, ಪ್ರತಿ ಗಂಟಿಗೂ ಬಿಡಿಸುವ ದಾರಿಯಿದೆ. ಹಳೆಯ ದ್ವೇಷ ಹೊತ್ತ ಮಾಂತ್ರಿಕ ಮರಳಿ ಬರುವುದು, ಮಕ್ಕಳು ಅವನನ್ನು ತಡೆಯುವುದು ಎಂಬ ಜಾಡು ಕೆಲವು ಪುಸ್ತಕಗಳಲ್ಲಿ ಸವೆದಿದೆ. ಗೋರಿ ಅವರು 2000ದಲ್ಲಿ ತೀರಿಕೊಂಡ ಮೇಲೆ ಮುಖಪುಟದ ಆ ಕಪ್ಪು ನೆರಳೂ ಹೋಯಿತು.

ಆದರೆ ಒಂದನ್ನು ಅವರು ಬಿಟ್ಟುಕೊಡಲಿಲ್ಲ. ಲೂಯಿಸ್ ಹನ್ನೆರಡು ಪುಸ್ತಕಗಳಲ್ಲೂ ಅಂಜುಬುರುಕನೇ. ಅವನನ್ನು ಎದೆಯುಬ್ಬಿಸಿ ಮೆರೆಯುವ ವೀರನನ್ನಾಗಿ ಮಾಡುವ ಆಸೆ ಹೊಸ ಲೇಖಕರಿಗೆ ಬರಲಿಲ್ಲ. ಅವನು ನಡುಗುತ್ತಾನೆ, ಬೆವರುತ್ತಾನೆ, ಕೊನೆಗೆ ಮಾಡಬೇಕಾದದ್ದನ್ನು ಮಾಡುತ್ತಾನೆ. ಶಾಲೆಯಲ್ಲಿ ಕಬಡ್ಡಿಗೋ ಕ್ರಿಕೆಟ್ಟಿಗೋ ಕೊನೆಯವನಾಗಿ ಆಯ್ಕೆಯಾಗುವ ಹುಡುಗನಿಗೆ ಇಂಥ ನಾಯಕ ಕೊಡುವ ಧೈರ್ಯವನ್ನು ಹತ್ತು ಉಪದೇಶಗಳು ಕೊಡಲಾರವು.

2018ರಲ್ಲಿ ಮೊದಲ ಕಾದಂಬರಿ ಚಲನಚಿತ್ರವಾಯಿತು. ಎಲಿ ರಾತ್ ನಿರ್ದೇಶನ, ಜಾಕ್ ಬ್ಲ್ಯಾಕ್ ಚಿಕ್ಕಪ್ಪನಾಗಿ, ಕೇಟ್ ಬ್ಲಾಂಚೆಟ್ ಜಿಮ್ಮರ್‌ಮನ್ ಆಗಿ ನಟಿಸಿದರು. ಚಿತ್ರ ನೋಡಿದ ಮಕ್ಕಳು ಪುಸ್ತಕವನ್ನೂ ಓದಬೇಕು. ಪರದೆಯ ಮೇಲಿನ ಗಡಿಯಾರ ಕಣ್ಣಿಗೆ ಕಾಣುತ್ತದೆ. ಪುಸ್ತಕದಲ್ಲಿ ಅದು ಓದುವವರ ಮನೆಯ ಗೋಡೆಯಲ್ಲೇ ಸದ್ದು ಮಾಡುತ್ತದೆ.

ವಿದ್ಯಾರ್ಥಿಗಳಿಗೊಂದು ಕೆಲಸ

ರಜೆಯಲ್ಲಿ ಮಾಡಿ ನೋಡಬಹುದಾದ ಒಂದು ಅಭ್ಯಾಸವಿದೆ. ನಿಮಗೆ ತುಂಬ ಇಷ್ಟವಾದ ಒಂದು ಕಥೆ ಆರಿಸಿಕೊಳ್ಳಿ. ಅದರ ಮುಂದಿನ ಅಧ್ಯಾಯ ಬರೆಯಿರಿ. ಬರೆಯುವ ಮೊದಲು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿಕೊಳ್ಳಿ. ಆ ಕಥೆಯ ಜಗತ್ತಿನಲ್ಲಿ ಏನು ನಡೆಯಲು ಸಾಧ್ಯವೇ ಇಲ್ಲ ಎಂಬುದು ಮೊದಲ ಪಟ್ಟಿ. ಲೇಖಕರು ಒಮ್ಮೆ ಹೇಳಿ ಮುಂದೆ ಹೋಗಿಬಿಟ್ಟ ಸಣ್ಣ ಸಂಗತಿಗಳು ಎರಡನೆಯದು. ಒಂದು ಸೇತುವೆ, ಬೀಗ ಹಾಕಿದ ಕೋಣೆ, ಒಂದೇ ಸಲ ಬಂದು ಹೋದ ನೆರೆಮನೆಯಾಕೆ. ಹೊಸ ಅಧ್ಯಾಯಕ್ಕೆ ಬೇಕಾದ ಕಥೆ ಎರಡನೆಯ ಪಟ್ಟಿಯಲ್ಲೇ ಸಿಗುತ್ತದೆ. ದಾರಿ ತಪ್ಪದಂತೆ ಮೊದಲ ಪಟ್ಟಿ ಕಾಯುತ್ತದೆ. ಬರೆದದ್ದು ಚೆನ್ನಾಗಿ ಬರದಿದ್ದರೂ ಚಿಂತೆಯಿಲ್ಲ. ಆ ಕಥೆಯನ್ನು ನೀವು ಅಷ್ಟು ಚೆನ್ನಾಗಿ ಹಿಂದೆಂದೂ ಓದಿರುವುದಿಲ್ಲ.

ಪಾಲಕರಿಗೂ ಒಂದು ಮಾತು. ಮಕ್ಕಳು ರಾತ್ರಿ ದೆವ್ವದ ಪುಸ್ತಕ ಹಿಡಿದು ಕುಳಿತರೆ ಕಿತ್ತುಕೊಳ್ಳಬೇಡಿ. ಅಡುಗೆಮನೆಯ ದೀಪ ಆರಿಸದೆ ಇನ್ನೊಂದರ್ಧ ಗಂಟೆ ಎಚ್ಚರವಾಗಿರಿ. ‘ಆಮೇಲೆ ಏನಾಯಿತು?’ ಎಂದು ಆ ಹೊತ್ತಿನಲ್ಲಿ ನೀವೇ ಅವರನ್ನು ಕೇಳಿ.